ಅರಸ ಸತ್ತ ಬೆನ್ನಿಗೇ ಸಾಮಂತರ ದಂಗೆ: ಕ್ರುಸೇಡರ್ ಕಿಂಗ್ಸ್ 3ರಲ್ಲಿ ತಡೆಯುವುದು ಹೇಗೆ?

ಪುಣೆ_ಪಗಡೆ:
ಮಧ್ಯಯುಗದ ರಾಜವಂಶವೊಂದನ್ನು ನಡೆಸುವ ಈ ಕಂಪ್ಯೂಟರ್ ಆಟವನ್ನು 1066ರ ಆರಂಭದಿಂದ ಕಲ್ಯಾಣದ ಚಾಲುಕ್ಯರಾಗಿ ಆಡುತ್ತಿದ್ದೇನೆ. ಮುದಿ ಅರಸ ಬದುಕಿರುವವರೆಗೆ ತೆಪ್ಪಗಿರುವ ಸಾಮಂತರು, ಮಗ ಪಟ್ಟವೇರಿದ ಕೂಡಲೇ ಒಂದು ಕಡೆ ಸ್ವಾತಂತ್ರ್ಯಕ್ಕಾಗಿ, ಇನ್ನೊಂದು ಕಡೆ ಅವನ ತಮ್ಮನ ಪರವಾಗಿ ಬಣ ಕಟ್ಟುತ್ತಾರೆ. ಕಾಣಿಕೆ ಹಂಚಿ ಖಜಾನೆ ಬರಿದಾಯಿತೇ ಹೊರತು ಫಲ ಕಾಣಲಿಲ್ಲ. ಮೊದಲೇ ಮಾಡಿಕೊಳ್ಳಬೇಕಾದ ಏರ್ಪಾಡು ಏನು?

ಡೊಂಬಿವಲಿ_ದಂಡನಾಯಕ:
ಆಟವು ಬಣದ ಸೈನ್ಯಬಲವನ್ನು ನಿಮ್ಮ ಬಲದೊಂದಿಗೆ ತೂಗಿ ನೋಡುತ್ತದೆ. ಅದು ಮಿತಿ ದಾಟಿದ ಮೇಲೆ ಅಸಮಾಧಾನ ಏರತೊಡಗಿ, 100ಕ್ಕೆ ಮುಟ್ಟಿದ ಬಳಿಕ ಬೇಡಿಕೆಯ ಓಲೆ ನಿಮ್ಮ ಮುಂದೆ ಬರುತ್ತದೆ. ಹೀಗಿರುವಾಗ ಕಾಣಿಕೆಗೆ ಸುರಿಯುವ ಹಣವನ್ನು ಮೆನ್-ಅಟ್-ಆರ್ಮ್ಸ್ (ಅರಸನ ಖಾಯಂ ನುರಿತ ಸೈನಿಕರು) ಪಡೆಗಳಿಗೆ ಹಾಕುವುದೇ ಮೇಲು, ಏಕೆಂದರೆ ಆ ಪಡೆಗಳು ಮಗನಿಗೂ ಬರುತ್ತವೆ. ತಂದೆ ಗಳಿಸಿದ ಭೀತಿಯಾದರೋ (ಸಾಮಂತರು ಅರಸನಿಗೆ ಎಷ್ಟು ಹೆದರುತ್ತಾರೆಂಬ ಅಳತೆ) ಮಗನಿಗೆ ಬರುವುದಿಲ್ಲ. ಸಾಲದೆಂಬಂತೆ, ಆಳ್ವಿಕೆ ಹೊಸದೆಂಬ ಕಾರಣಕ್ಕೇ ಅವನ ಮೇಲಿನ ಅಭಿಪ್ರಾಯ ಕುಸಿಯುತ್ತದೆ.

ಎರಡು ಮೂರು ಡಚಿಗಳು (ರಾಜ್ಯದೊಳಗಿನ ದೊಡ್ಡ ಪ್ರಾಂತ್ಯಗಳು) ಒಬ್ಬನೇ ಸಾಮಂತನ ಕೈ ಸೇರದಂತೆ ನೋಡಿಕೊಳ್ಳಿ. ಪ್ರಬಲ ಸಾಮಂತನು ಶುದ್ಧ ದಡ್ಡನಾಗಿದ್ದರೂ ಅವನಿಗೆ ಮಂತ್ರಿಮಂಡಲದಲ್ಲಿ ಒಂದು ಸ್ಥಾನ ಕೊಡಿ. ಆಡಳಿತಕ್ಕೆ ಆಗುವ ನಷ್ಟ ದಂಗೆಯ ನಷ್ಟಕ್ಕಿಂತ ಕಡಿಮೆ.

ಪಣಜಿ_ವಾಸಿ:
ಮೇಲಿನ ಉತ್ತರದಲ್ಲಿ ಬಾಂಧವ್ಯದ ಮಾತು ಬಿಟ್ಟುಹೋಗಿದೆ. ನಿಮ್ಮೊಂದಿಗೆ ಮೈತ್ರಿಯಿರುವ ಸಾಮಂತ ನಿಮ್ಮ ವಿರುದ್ಧದ ಬಣ ಸೇರುವುದಿಲ್ಲವಾದ್ದರಿಂದ, ಎಲ್ಲರನ್ನೂ ಒಲಿಸಿಕೊಳ್ಳಲು ಹೆಣಗುವ ಬದಲು ಅತಿ ಬಲಿಷ್ಠರಾದ ಇಬ್ಬರು ಮೂವರ ಮನೆಗೆ ಹೆಣ್ಣು ಕೊಟ್ಟರೆ ಸಾಕು. ಆದರೆ ನೆಂಟಸ್ತನ ಮಗನ ಕಾಲಕ್ಕೂ ಉಳಿಯಬೇಕಾದರೆ ಯುವರಾಜನ ಮಕ್ಕಳನ್ನು ಮದುವೆಗೆ ಆರಿಸುವುದು ಒಳ್ಳೆಯದು.

ನೀವು ಆರಿಸಿಕೊಂಡ ವಂಶದ ಚರಿತ್ರೆಯೂ ಇದನ್ನೇ ಹೇಳುತ್ತದೆ. 1068ರಲ್ಲಿ ಒಂದನೆಯ ಸೋಮೇಶ್ವರ ತೀರಿಕೊಂಡ ಮೇಲೆ ಅಣ್ಣತಮ್ಮಂದಿರ ಕಲಹ ಹುಟ್ಟಿ, 1076ರಲ್ಲಿ ತಮ್ಮನಾದ ಆರನೆಯ ವಿಕ್ರಮಾದಿತ್ಯ ಪಟ್ಟಕ್ಕೆ ಬಂದ. ಅವನು ಕರಾಡದ ಶಿಲಾಹಾರರ ಚಂದಲದೇವಿಯನ್ನು ಮದುವೆಯಾದ. ತನ್ನ ಮಗಳು ಮೈಲಲದೇವಿಯನ್ನು ನಮ್ಮ ಗೋವೆಯ ಕದಂಬ ಎರಡನೆಯ ಜಯಕೇಶಿಗೆ ಕೊಟ್ಟ. ವಿಕ್ರಮಾದಿತ್ಯನ ಆಳ್ವಿಕೆ 1126ರವರೆಗೆ ನಡೆಯಿತು.

ಪುಣೆ_ಪಗಡೆ:
ಮದುವೆಯ ಉಪಾಯ ಹಿಡಿಸಿತು. ತಮ್ಮಂದಿರು ಪಾಲು ಪಡೆದು ಬೇರೆ ರಾಜ್ಯ ಕಟ್ಟುವುದನ್ನು ತಡೆಯಲು ಏನು ಮಾಡಲಿ?

ಡೊಂಬಿವಲಿ_ದಂಡನಾಯಕ:
ಆರಂಭದ ಉತ್ತರಾಧಿಕಾರ ಕಾನೂನಿನಲ್ಲಿ, ಎರಡನೆಯ ರಾಜ್ಯಕ್ಕೆ ಸಾಲುವಷ್ಟು ನೆಲ ನಿಮ್ಮಲ್ಲಿದ್ದರೆ ಆಟವೇ ಅದನ್ನು ಸೃಷ್ಟಿಸಿ ಕಿರಿಯನಿಗೆ ಕೊಡುತ್ತದೆ. ಆದಷ್ಟು ಬೇಗ ಸಾಮ್ರಾಟ ಪದವಿ ಪಡೆಯಿರಿ. ಆಗ ಪಾಲು ಪಡೆದ ತಮ್ಮ ಹಿರಿಯನ ಕೆಳಗೆ ಸಾಮಂತನಾಗಿಯೇ ಉಳಿಯುತ್ತಾನೆ. ಅದು ಕೈಗೂಡುವ ತನಕ ಎರಡನೆಯ ರಾಜ್ಯದ ಗಡಿಯೊಳಗೆ ಹೆಚ್ಚು ನೆಲ ಗೆಲ್ಲಬೇಡಿ.