ಡೆಬಿಯನ್ ಲಿನಕ್ಸ್ 12ರಿಂದ 13: ಆಟೋರಿಮೂವ್ ಪಟ್ಟಿಯಲ್ಲಿ ಡೆಸ್ಕ್‌ಟಾಪೇ ಇದೆ!

ತುಂಗಾತೀರ: ತೀರ್ಥಹಳ್ಳಿಯ ಲೈಬ್ರರಿ ಕಂಪ್ಯೂಟರ್. ಅಪ್‌ಗ್ರೇಡ್ ಆದಮೇಲೆ ಬೇಡದ ಪ್ಯಾಕೇಜ್‌ಗಳನ್ನು ತೆಗೆಯೋ 'ಆಪ್ಟ್ ಆಟೋರಿಮೂವ್' ಕೊಟ್ಟರೆ ನಮ್ಮ ಡೆಸ್ಕ್‌ಟಾಪ್ ಗ್ನೋಮ್‌ನ ಅರ್ಧ ಭಾಗ ತೆಗೀತೀನಿ ಅಂತಿದೆ. ಹೂಂ ಅನ್ನಬಹುದಾ?

ಮಲೆಯಂಚು: ಬೇಡ ಮಾರಾಯ್ರೇ, 'ಎನ್' ಒತ್ತಿ! ಗ್ನೋಮ್ ಮೆಟಾಪ್ಯಾಕೇಜ್ (ಬೇರೆ ಪ್ಯಾಕೇಜ್‌ಗಳನ್ನು ಒಟ್ಟಿಗೆ ಎಳೆದು ತರೋ ಪ್ಯಾಕೇಜ್) ಅಪ್‌ಗ್ರೇಡಿನಲ್ಲಿ ಕಿತ್ತುಹೋಗಿರಬೇಕು. ಅದರ ಬೆನ್ನಿಗೆ ಬಂದವಕ್ಕೆಲ್ಲ 'ಆಟೋ', ಅಂದರೆ ತಾನಾಗಿ ಬಂದದ್ದು ಅನ್ನೋ ಗುರುತು. ಯಜಮಾನ ಹೋದಮೇಲೆ ಅವು ಅನಾಥ. 'ಸುಡೊ ಆಪ್ಟ್ ಇನ್‌ಸ್ಟಾಲ್ ಗ್ನೋಮ್' ಕೊಡಿ, ಪಟ್ಟಿ ಕುಗ್ಗತ್ತೆ. ಉಳಿದದ್ದರಲ್ಲಿ ಬೇಕಾದ್ದಕ್ಕಷ್ಟೇ 'ಸುಡೊ ಆಪ್ಟ್-ಮಾರ್ಕ್ ಮ್ಯಾನ್ಯುಯಲ್', ಮುಂದೆ ಪ್ಯಾಕೇಜ್ ಹೆಸರು; ನಾವೇ ಹಾಕಿಕೊಂಡದ್ದು ಅನ್ನೋ ಗುರುತು ಬೀಳತ್ತೆ. ಎಲ್ಲಕ್ಕೂ ಹಾಕಿದರೆ ಹಳೇ ಲೈಬ್ರರಿಗಳನ್ನು (ಬೇರೆ ಪ್ರೋಗ್ರಾಮುಗಳು ಬಳಸೋ ಕೋಡ್ ಪ್ಯಾಕೇಜ್‌ಗಳು) ಆಟೋರಿಮೂವ್ ಮುಟ್ಟೋದೇ ಇಲ್ಲ.

ಅಡಿಕೆಚೀಲ: ತೆಗೆಯೋ ಮೊದಲು 'ಆಪ್ಟ್ -ಎಸ್ ಆಟೋರಿಮೂವ್' ಓಡಿಸಿ. ಬರೀ ತಾಲೀಮು, ಏನೂ ಅಳಿಯಲ್ಲ. ಏನೇನು ಹೋಯ್ತು ಅನ್ನೋದು ಆಪ್ಟ್‌ನ ಹಿಸ್ಟರಿ ಲಾಗ್‌ನಲ್ಲಿ 'ರಿಮೂವ್' ಸಾಲಿನಲ್ಲಿರತ್ತೆ.

ಮಲೆಯಂಚು: ಮಳೆಗಾಲದ ಕರೆಂಟ್ ನಂಬಬೇಡಿ. ಮುಂದಿನ ಸಲ ಅಪ್‌ಗ್ರೇಡ್ ಆಜ್ಞೆಗೆ ಮೊದಲು '--ಡೌನ್‌ಲೋಡ್-ಓನ್ಲಿ' ಸೇರಿಸಿ, ಬರೀ ಇಳಿಸಿಟ್ಟುಕೊಳ್ಳಿ. ಇನ್‌ಸ್ಟಾಲ್ ನಡುವೆ ಕರೆಂಟ್ ಕೈಕೊಟ್ಟರೆ, ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳ ಸಿದ್ಧತೆ ಮುಗಿಸೋಕೆ 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ'.