ನಾಲ್ಕು ಮನೆಯವರ ಜಂಟಿ ಟೊಮೆಟೊ: ಪಾಲು, ಕೂಲಿ, ಲೆಕ್ಕಕ್ಕೆ ಬೈಬಲ್‌ನಲ್ಲಿ ಏನಿದೆ?

ಮುಳಬಾಗಿಲು ಕಡೆಯವ:
ಎಲ್ಲರಿಗೂ ವಂದನೆ. ಒಂದೇ ಸಭೆಯ (ಚರ್ಚಿನ) ನಾಲ್ಕು ಮನೆಯವರು ಸೇರಿ ಎರಡು ಎಕರೆ ಟೊಮೆಟೊ ಇಡೋ ಯೋಚನೆ. ಒಬ್ಬರದು ಜಮೀನು, ಬೋರ್‌ವೆಲ್. ಇಬ್ಬರದು ತೋಟದ ಕೆಲಸ. ಇನ್ನೊಬ್ಬರು ಕೋಲಾರ ಎಪಿಎಂಸಿಗೆ ಮಾಲು ಹಾಕಿ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ತರೋರು. "ವಿಶ್ವಾಸಿಗಳ ಮಧ್ಯೆ ಬರವಣಿಗೆ ಯಾಕೆ" ಅಂತ ಒಬ್ಬರ ಮಾತು, "ಮಂಡಿಗೆ ಹೋಗೋರಿಗೆ ಸಮಪಾಲು ಯಾಕೆ" ಅಂತ ಇನ್ನೊಬ್ಬರದು. ವಚನ ಸಮೇತ ಹೇಳಿ.

ಶ್ರೀನಿವಾಸಪುರ ಲೆಕ್ಕದವರು:
ಬರೆಯೋದು ಅಪನಂಬಿಕೆ ಅಲ್ಲ ಬ್ರದರ್. ಎಜ್ರ ದೇವಾಲಯದ ಬೆಳ್ಳಿಬಂಗಾರವನ್ನ ಯಾಜಕರ ಕೈಗೇ ಕೊಟ್ಟರೂ ತೂಗಿ ಕೊಟ್ಟ. ಯೆರೂಸಲೇಮಿಗೆ ಬಂದ ಮೇಲೆ ಮತ್ತೆ ತೂಗಿ ಬರೆದಿಟ್ಟರು (ಎಜ್ರ 8:25-34). ಯಾಜಕರನ್ನೇ ತೂಕಕ್ಕೆ ಹಾಕಿದ ಮೇಲೆ ನಮ್ಮದೇನು!

ಮಂಡಿಯವರ ಪಾಲಿಗೆ 1 ಸಮುವೇಲ 30 ಓದಿ. ದಾವೀದನ 600 ಜನರಲ್ಲಿ 200 ಮಂದಿ ದಣಿದು ಬೆಸೋರ್ ಹಳ್ಳದ ಹತ್ತಿರ ಸಾಮಾನು ಕಾಯ್ತಾ ಉಳಿದರು. ಯುದ್ಧಕ್ಕೆ ಹೋದವರಷ್ಟೇ ಅವರಿಗೂ ಪಾಲು. ಹಾಗಾಗಿ ಮಂಡಿ ದಿನವೂ ಒಂದು ಆಳಿನ ದಿನವೇ. ಆದರೆ ದಿನ ಎಣಿಸಿ, ತಲೆ ಎಣಿಸಬೇಡಿ.

ಲೆಕ್ಕ ಹೀಗಿರಲಿ. ಒಂದು ತಿಂಗಳಲ್ಲಿ 400 ಬಾಕ್ಸ್, ಬಾಕ್ಸಿಗೆ 300 ರೂಪಾಯಿ ಅಂದುಕೊಳ್ಳಿ: 1,20,000. ಮೊದಲು ಆಳಿನ ಕೂಲಿ, ಗಾಡಿ ಬಾಡಿಗೆ 18,000 ತೆಗೀರಿ. ಬಂಡವಾಳ ಹಾಕಿದವರಿಗೆ 62,000 ವಾಪಸ್. ಮಿಕ್ಕ 40,000ದಲ್ಲಿ ಜಮೀನು, ನೀರಿಗೆ ಕಾಲು ಭಾಗ, 10,000. ಉಳಿದ 30,000 ಮೂವರ ದಿನಕ್ಕೆ ಹಂಚಿ. 26, 22, 12 ದಿನ ದುಡಿದಿದ್ದರೆ ಒಟ್ಟು 60, ದಿನಕ್ಕೆ 500: ಅವರಿಗೆ 13,000, 11,000, 6,000. ಲುಕ್ಸಾನಾದರೆ ಯಾರಿಗೆ ಎಷ್ಟು ಅಂತಾನೂ ಗಿಡ ನೆಡೋಕೆ ಮುಂಚೆ ಬರೀರಿ. ಎಲ್ಲರೂ ಇದನ್ನೇ ಬಿಡೋದು, ರೇಟು ಬಿದ್ದ ದಿನ ಜಗಳ ಶುರುವಾಗೋದು ಇಲ್ಲೇ. ಬುರುಜು ಕಟ್ಟೋನು ಮೊದಲು ಕೂತು ಖರ್ಚು ಲೆಕ್ಕ ಹಾಕ್ತಾನೆ (ಲೂಕ 14:28).

ಹಣ ಒಬ್ಬರ ಕೈಲಿ ಬೇಡ. ಕಾಣಿಕೆ ಹಣ ಸಾಗಿಸುವಾಗ ಯಾರೂ ತಪ್ಪು ಹೊರಿಸಬಾರದು ಅಂತ ಪೌಲ ಸಭೆಗಳೇ ಆರಿಸಿದವನನ್ನ ಜೊತೆಗಿಟ್ಟುಕೊಂಡ (2 ಕೊರಿಂಥ 8:19-21). ಇಬ್ಬರ ಸಹಿಯ ಜಂಟಿ ಖಾತೆ ತೆಗೀರಿ, ಮಂಡಿ ಪಟ್ಟಿಯ ಫೋಟೋ ಅದೇ ದಿನ ಗ್ರೂಪಿಗೆ ಬರಲಿ.

ಚಿಂತಾಮಣಿ ಅಕ್ಕ:
ಆಳುಗಳ ಮಾತು ಮರೆತ್ರಲ್ಲ! ಸೂರ್ಯ ಮುಳುಗೋ ಮುಂಚೆ ಕೂಲಿ ಕೊಡಬೇಕು, ಬಡವನ ಮನಸ್ಸೆಲ್ಲ ಅದರ ಮೇಲೇ ಇರುತ್ತೆ (ಧರ್ಮೋಪದೇಶಕಾಂಡ 24:15). ಆಳುಗಳೇ ವಾರದ ಬಟವಾಡೆ ಕೇಳಿದರೆ ಅದು ಬೇರೆ. "ಮಂಡಿ ದುಡ್ಡು ಬರಲಿ" ಅಂತ ಎಳೆಯೋದು ತಪ್ಪು. ಒಂದು ಕೊಯ್ಲಿನ ಕೂಲಿ ಮೊದಲೇ ನಗದಾಗಿ ಎತ್ತಿಡಿ.

ಬಾಕ್ಸಿನ ಮೇಲೆ ದಪ್ಪ ಹಣ್ಣು, ಕೆಳಗೆ ಗೋಲಿ ಗಾತ್ರದ್ದು ಜೋಡಿಸೋದೂ ಯಾಜಕಕಾಂಡ 19:35ರ ಕಳ್ಳ ಅಳತೆಯೇ. 15 ಕೆಜಿ ಇದ್ದ ಮಾತ್ರಕ್ಕೆ ಸರಿಯಾಗಲ್ಲ.

ಮುಳಬಾಗಿಲು ಕಡೆಯವ:
ಮತ್ತಾಯ 20ರಲ್ಲಿ ಒಂದು ಗಂಟೆ ದುಡಿದವನಿಗೂ ಪೂರ್ತಿ ಕೂಲಿ ಇದೆಯಲ್ಲ? ಇನ್ನೊಂದು, ಮಂಡಿಯಿಂದ ಮುಂಗಡ ತಗೋಬಹುದಾ?

ಶ್ರೀನಿವಾಸಪುರ ಲೆಕ್ಕದವರು:
ಅದು ಪರಲೋಕ ರಾಜ್ಯದ ಸಾಮ್ಯ (ಹೋಲಿಕೆ ಕಥೆ), ಕೂಲಿ ದರಪಟ್ಟಿ ಅಲ್ಲ. ಅಲ್ಲೂ ಯಜಮಾನ ಮಾತಾಡಿದ ಕೂಲಿಯಲ್ಲಿ ಕಾಸು ಕಡಿಮೆ ಮಾಡಲಿಲ್ಲ, ಧಾರಾಳ ಮಾಡಿದ್ದು ತನ್ನ ಸ್ವಂತ ದುಡ್ಡಲ್ಲಿ. ನೀವೂ ನಿಮ್ಮ ಪಾಲಿಂದ ಎಷ್ಟು ಬೇಕಾದರೂ ಕೊಡಿ.

ಮುಂಗಡ ಬೇಡ ಅನ್ನೋದು ನನ್ನ ಮಾತು. ಒಬ್ಬರು ತಗೊಂಡರೂ ನಾಲ್ವರ ಮಾಲೂ ಅದೇ ಮಂಡಿಗೆ ಕಟ್ಟುಬಿದ್ದಂಗೆ. ಜಾಮೀನು ನಿಂತವನು ಬಲೆಗೆ ಬಿದ್ದ ಹಕ್ಕಿ (ಜ್ಞಾನೋಕ್ತಿ 6:1-5). ತಗೋಳ್ಳೇಬೇಕು ಅಂದ್ರೆ ನಾಲ್ವರ ಸಹಿ, ಮೊತ್ತ, ಯಾವ ಕೊಯ್ಲಲ್ಲಿ ಎಷ್ಟು ಮುರಿಬೇಕು ಅನ್ನೋದು ಕರಾರಲ್ಲಿರಲಿ.

ಚಿಂತಾಮಣಿ ಅಕ್ಕ:
ತಕರಾರು ಬಂದರೆ ಮತ್ತಾಯ 18:15-17ರ ಕ್ರಮ: ಮೊದಲು ಒಬ್ಬರೇ ಹೋಗಿ ಮಾತಾಡಿ, ಆಮೇಲೆ ಒಬ್ಬಿಬ್ಬರು ಸಾಕ್ಷಿ, ಕೊನೆಗೆ ಸಭೆ. ಪಟ್ಟಿ ಫೋಟೋ ಹಾಕೋ ಗ್ರೂಪಲ್ಲೇ ಜಗಳ ತೆಗೆದ್ರೆ ಮೊದಲ ಎರಡು ಮೆಟ್ಟಿಲು ಹಾರಿದಂಗೆ. ಆ ಗ್ರೂಪಲ್ಲಿ ಲೆಕ್ಕ ಬಿಟ್ಟು ಬೇರೇನೂ ಹಾಕೋ ಹಾಗಿಲ್ಲ ಅಂತ ಕರಾರಿನಲ್ಲೇ ಒಂದು ಸಾಲು ಸೇರಿಸಿ.