ಮೈಕೆಲ್ ಜೋರ್ಡನ್: ಗೆಲುವಿನಿಂದ ಶೂ ಬೆಳೆಯಿತೇ?

ಪ್ರಶ್ನೆ

ಮೈಕೆಲ್ ಜೋರ್ಡನ್ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಅಂಗಳವನ್ನು ಕೊನೆಯ ಸಲ ಬಿಟ್ಟದ್ದು 2003ರಲ್ಲಿ. ಆಮೇಲೆ ಹುಟ್ಟಿದವರು ಈಗ ಕಾಲೇಜಿನಲ್ಲಿದ್ದಾರೆ. ಅವರಲ್ಲಿ ಅನೇಕರು ಜೋರ್ಡನ್ ಆಡಿದ ಒಂದು ಪೂರ್ಣ ಪಂದ್ಯವನ್ನೂ ನೋಡಿರಲಿಕ್ಕಿಲ್ಲ. ಆದರೂ ಚೆಂಡು ಹಿಡಿದ ಕೈಯನ್ನು ಮೇಲೆತ್ತಿ, ಕಾಲು ಚಾಚಿ ಜಿಗಿಯುವ, ಅವರ ಶೂಗಳ ಮೇಲಿನ ಆ ಗುರುತನ್ನು ದೂರದಿಂದಲೇ ಹೇಳಬಲ್ಲರು. ಷಿಕಾಗೊ ಬುಲ್ಸ್ ತಂಡಕ್ಕೆ 6 ಚಾಂಪಿಯನ್‌ಷಿಪ್, ಆ ಆರೂ ಫೈನಲ್ಸ್‌ಗಳಲ್ಲಿ ಅತ್ಯಮೂಲ್ಯ ಆಟಗಾರನ ಗೌರವ, 10 ಋತುಗಳಲ್ಲಿ ಅಂಕ ಗಳಿಕೆಯ ಮೊದಲ ಸ್ಥಾನ, ಪಂದ್ಯಕ್ಕೆ 30ಕ್ಕೂ ಹೆಚ್ಚು ಅಂಕಗಳ ಸರಾಸರಿ: ಇಷ್ಟೆಲ್ಲ ಗೆದ್ದುದರಿಂದಲೇ ಅವರ ಹೆಸರಿನಲ್ಲಿ ನೈಕಿ ಕಂಪನಿ ಮಾರುವ ಏರ್ ಜೋರ್ಡನ್ ಶೂಗಳು ಈ ಮಟ್ಟಕ್ಕೆ ಬೆಳೆದವು ಎಂಬುದು ನನ್ನ ತಿಳಿವಳಿಕೆ. ಆದರೆ ಬಾಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್ 11 ಸಲ ಚಾಂಪಿಯನ್ ಆದವರು, ಅವರ ಹೆಸರಿನಲ್ಲಿ ಇಂಥದ್ದೇನೂ ಬೆಳೆಯಲಿಲ್ಲ. ಹಾಗಾದರೆ ಅಂಗಳದ ಗೆಲುವಿಗೂ ಅಂಗಡಿಯ ಮಾರಾಟಕ್ಕೂ ಇರುವ ಸಂಬಂಧ ಯಾವ ಬಗೆಯದು? ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಇಸವಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಮೊದಲ ಏರ್ ಜೋರ್ಡನ್ 65 ಡಾಲರ್ ಬೆಲೆಗೆ ಅಂಗಡಿಗೆ ಬಂದದ್ದು 1985ರಲ್ಲಿ. ನಾಲ್ಕನೆಯ ವರ್ಷದ ಕೊನೆಗೆ 30 ಲಕ್ಷ ಡಾಲರ್ ವಹಿವಾಟಾದರೆ ಸಾಕೆಂದು ನೈಕಿ ಲೆಕ್ಕ ಹಾಕಿತ್ತು, ಮೊದಲ ವರ್ಷದಲ್ಲೇ 12.6 ಕೋಟಿ ಡಾಲರ್ ಆಯಿತು ಎಂದು ಜೋರ್ಡನ್ ಅವರ ಏಜೆಂಟ್ ಡೇವಿಡ್ ಫಾಕ್ ಹೇಳಿದ್ದಾರೆ. ಬುಲ್ಸ್ ಮೊದಲ ಚಾಂಪಿಯನ್‌ಷಿಪ್ ಗೆದ್ದದ್ದು 1991ರಲ್ಲಿ. ಜೋರ್ಡನ್ ಆಡಿದ ಮೊದಲ ಮೂರು ಋತುಗಳಲ್ಲಿ ತಂಡ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಸೋತಿತು. ಎರಡನೆಯ ಋತುವಿನಲ್ಲಂತೂ ಪಾದದ ಮೂಳೆ ಮುರಿದು ಜೋರ್ಡನ್ ಆಡಿದ್ದು ಕೇವಲ 18 ಪಂದ್ಯ.

ಹಾಗಾದರೆ ಜನ ಮೆಚ್ಚಿದ್ದೇನನ್ನು? ಅವರ ಆಟದ ರೀತಿಯನ್ನು. ಮೂಳೆ ಮುರಿದ ಅದೇ ಋತುವಿನ ಕೊನೆಯಲ್ಲಿ, 1986ರ ಏಪ್ರಿಲ್ 20ರಂದು, ಬಾಸ್ಟನ್ ಗಾರ್ಡನ್‌ನಲ್ಲಿ ಸೆಲ್ಟಿಕ್ಸ್ ವಿರುದ್ಧ ಅವರು 63 ಅಂಕ ಗಳಿಸಿದರು. ಪ್ಲೇಆಫ್ ಪಂದ್ಯವೊಂದರಲ್ಲಿ ಒಬ್ಬನೇ ಗಳಿಸಿದ ಅಂಕಗಳಲ್ಲಿ ಇಂದಿಗೂ ಅದೇ ಗರಿಷ್ಠ. ಎರಡು ಬಾರಿ ಹೆಚ್ಚುವರಿ ಸಮಯಕ್ಕೆ ಹೋದ ಆ ಪಂದ್ಯವನ್ನು ಬುಲ್ಸ್ 135–131ರಿಂದ ಸೋತಿತು. ಗೆದ್ದ ತಂಡ ಮುಂದೆ ಚಾಂಪಿಯನ್ ಆಯಿತು. ಬಾಸ್ಕೆಟ್‌ಬಾಲ್ ಪ್ರಿಯರು ಇಂದಿಗೂ ಮತ್ತೆ ಮತ್ತೆ ನೋಡುವುದು ಸೋತವನ ಆಟವನ್ನು. ಪ್ರಶಸ್ತಿಗಳ ಎಣಿಕೆಯಿಂದ ಜೋರ್ಡನ್ ಅವರನ್ನು ಅಳೆಯುವವರು ಈ ಪಂದ್ಯವನ್ನೊಮ್ಮೆ ಪೂರ್ತಿ ನೋಡಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

1988ನೇ ಇಸವಿಯನ್ನೂ ಇಲ್ಲಿ ಹೇಳಬೇಕು. ಆ ಋತುವಿನ ಅತ್ಯಮೂಲ್ಯ ಆಟಗಾರನ ಪ್ರಶಸ್ತಿಯ ಜೊತೆಗೆ ಅತ್ಯುತ್ತಮ ರಕ್ಷಣಾ ಆಟಗಾರನ ಪ್ರಶಸ್ತಿಯೂ ಅವರಿಗೇ ಬಂತು. ಅತಿ ಹೆಚ್ಚು ಅಂಕ ಗಳಿಸುವವನೇ ಎದುರಾಳಿಯನ್ನು ತಡೆಯುವುದರಲ್ಲೂ ಮೊದಲಿಗನಾಗುವುದು ಬಹಳ ಅಪರೂಪ. ಶೂ ಜಾಹೀರಾತುಗಳು ಅವರ ಜಿಗಿತವನ್ನಷ್ಟೇ ತೋರಿಸಿದ್ದರಿಂದ ಈ ರಕ್ಷಣಾ ಕೌಶಲ ಸಾರ್ವಜನಿಕ ನೆನಪಿನಿಂದ ಹೆಚ್ಚುಕಡಿಮೆ ಮರೆಯಾಗಿದೆ.

ಎರಡನೆಯ ಉತ್ತರ

ಮೇಲಿನವರು ಆಟದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಆಟದ ಸೊಗಸೊಂದರಿಂದಲೇ ಇಷ್ಟು ದೊಡ್ಡ ವ್ಯಾಪಾರ ನಿಲ್ಲುವುದಿಲ್ಲ. ಮೂಲ ಕಾರಣ 1984ರ ಒಪ್ಪಂದದಲ್ಲಿದೆ.

ಆಗ ಬಾಸ್ಕೆಟ್‌ಬಾಲ್ ಶೂಗಳ ಮಾರುಕಟ್ಟೆಯಲ್ಲಿ ಕಾನ್ವರ್ಸ್ ಕಂಪನಿಯದೇ ಮೇಲುಗೈ. ಆ ಕಾಲದ ದೊಡ್ಡ ಆಟಗಾರರಾದ ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಇಬ್ಬರೂ ಆ ಕಂಪನಿಯ ಶೂ ತೊಡುತ್ತಿದ್ದವರೇ. ಜೋರ್ಡನ್ ಕೂಡ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಆಡುವಾಗ ಕಾನ್ವರ್ಸ್ ಧರಿಸುತ್ತಿದ್ದರು. ವೃತ್ತಿಪರರಾದ ಮೇಲೆ ಅವರ ಒಲವಿದ್ದುದು ಅಡಿಡಾಸ್ ಕಡೆಗೆ. ಓಟದ ಶೂಗಳಿಗೆ ಹೆಸರಾಗಿದ್ದ ನೈಕಿ ಕಂಪನಿಯವರ ಮಾತನ್ನು ಒಮ್ಮೆಯಾದರೂ ಕೇಳಿ ಬರಬೇಕೆಂದು ಹಟ ಹಿಡಿದು ಕಳುಹಿಸಿದವರು ತಾಯಿ ಡೆಲೋರಿಸ್. ನೈಕಿ ವರ್ಷಕ್ಕೆ 5 ಲಕ್ಷ ಡಾಲರಿನಂತೆ 5 ವರ್ಷಗಳ ಒಪ್ಪಂದವನ್ನು ಮುಂದಿಟ್ಟಿತು. ಅದಕ್ಕಿಂತ ಮುಖ್ಯವಾದದ್ದು, ಅವರದೇ ಹೆಸರಿನ ಶೂ ಮತ್ತು ಅದರ ಮಾರಾಟದಲ್ಲಿ ರಾಯಲ್ಟಿ. ಇದೇ ಹೊತ್ತಿನಲ್ಲಿ ಕಾನ್ವರ್ಸ್ ಏನು ಮಾಡಿತೆಂದರೆ, 1986ರಲ್ಲಿ ಹೊರತಂದ ‘ವೆಪನ್’ ಎಂಬ ಒಂದೇ ಮಾದರಿಯನ್ನು ಮ್ಯಾಜಿಕ್ ಮತ್ತು ಬರ್ಡ್ ಇಬ್ಬರಿಗೂ ತೊಡಿಸಿ ಜಾಹೀರಾತು ಮಾಡಿತು. ಅವರಿಬ್ಬರೂ ಆ ಹೊತ್ತಿಗೆ ತಲಾ ಮೂರು ಚಾಂಪಿಯನ್‌ಷಿಪ್ ಗೆದ್ದಿದ್ದರು, ಜೋರ್ಡನ್ ಒಂದನ್ನೂ ಗೆದ್ದಿರಲಿಲ್ಲ. ಮೂಲ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಕಾಣುವುದಿಲ್ಲ. 2001ರಲ್ಲಿ ದಿವಾಳಿ ಅರ್ಜಿ ಹಾಕಿದ ಕಾನ್ವರ್ಸ್ ಕಂಪನಿಯನ್ನು 2003ರಲ್ಲಿ ನೈಕಿಯೇ ಸುಮಾರು 30.5 ಕೋಟಿ ಡಾಲರಿಗೆ ಕೊಂಡುಕೊಂಡಿತು.

ಈ ಬೆಳವಣಿಗೆ ನಡುವೆಯೇ ನಿಂತುಹೋಗುವ ಸಾಧ್ಯತೆಯೂ ಇತ್ತು. ಮೊದಲ ಶೂವಿನ ವಿನ್ಯಾಸಕಾರ ಪೀಟರ್ ಮೂರ್ ನೈಕಿ ಬಿಟ್ಟ ಮೇಲೆ ಜೋರ್ಡನ್ ಅವರೂ ಹೊರಡುವ ಯೋಚನೆಯಲ್ಲಿದ್ದರು. ವಾಸ್ತುಶಿಲ್ಪ ಓದಿದ್ದ ಟಿಂಕರ್ ಹ್ಯಾಟ್‌ಫೀಲ್ಡ್, ಆಟಗಾರನ ಬೇಕುಬೇಡಗಳನ್ನು ಕೇಳಿ ತಿಳಿದು ರೂಪಿಸಿದ ಮೂರನೆಯ ಮಾದರಿ ಅವರನ್ನು ಉಳಿಸಿಕೊಂಡಿತು. 1988ರ ಫೆಬ್ರುವರಿಯಲ್ಲಿ ಷಿಕಾಗೊದ ಡಂಕ್ (ಜಿಗಿದು ಚೆಂಡನ್ನು ಬುಟ್ಟಿಯೊಳಗೆ ತುರುಕುವ) ಸ್ಪರ್ಧೆಯಲ್ಲಿ, ಬುಟ್ಟಿಯಿಂದ ದೂರದಲ್ಲಿರುವ ಫ್ರೀ ಥ್ರೋ ಗೆರೆಯಿಂದ ಜಿಗಿದಾಗ ಅವರ ಕಾಲಲ್ಲಿದ್ದುದು ಆ ಮಾದರಿಯೇ. 1997ರಲ್ಲಿ ‘ಜೋರ್ಡನ್’ ನೈಕಿಯೊಳಗೇ ಪ್ರತ್ಯೇಕ ಬ್ರಾಂಡ್ ಆಯಿತು. 2024ರ ಹಣಕಾಸು ವರ್ಷದಲ್ಲಿ ಅದರ ವಹಿವಾಟು ಸುಮಾರು 700 ಕೋಟಿ ಡಾಲರ್. ಆಟಗಾರರಾಗಿ 15 ಋತುಗಳಲ್ಲಿ ಜೋರ್ಡನ್ ಪಡೆದ ಒಟ್ಟು ಸಂಬಳ 10 ಕೋಟಿ ಡಾಲರನ್ನೂ ಮುಟ್ಟುವುದಿಲ್ಲ.

ಮೂರನೆಯ ಉತ್ತರ

ವ್ಯಾಪಾರದ ಪರಂಪರೆಯ ಮಾತು ಬಂದಾಗ ಆ ಶೂಗಳನ್ನು ಹೊಲಿದವರ ಮಾತೂ ಬರಬೇಕು. 1990ರ ದಶಕದಲ್ಲಿ ಇಂಡೋನೇಷ್ಯಾ, ವಿಯೆಟ್ನಾಂಗಳಲ್ಲಿ ನೈಕಿಗಾಗಿ ಶೂ ತಯಾರಿಸುತ್ತಿದ್ದ ಗುತ್ತಿಗೆ ಕಾರ್ಖಾನೆಗಳ ಕೂಲಿ ಮತ್ತು ಕೆಲಸದ ಸ್ಥಿತಿಗತಿಯ ಬಗ್ಗೆ ಅಮೆರಿಕದಲ್ಲಿ ದೊಡ್ಡ ಪ್ರತಿಭಟನೆಗಳಾದವು. 1998ರಲ್ಲಿ ನೈಕಿಯ ಮುಖ್ಯಸ್ಥ ಫಿಲ್ ನೈಟ್, ಕಾರ್ಮಿಕರ ಕನಿಷ್ಠ ವಯಸ್ಸನ್ನು ಹೆಚ್ಚಿಸುವುದಾಗಿಯೂ ಹೊರಗಿನವರ ತಪಾಸಣೆಗೆ ಅವಕಾಶ ಕೊಡುವುದಾಗಿಯೂ ಪ್ರಕಟಿಸಬೇಕಾಯಿತು. ಆ ವರ್ಷಗಳಲ್ಲಿ ಕಂಪನಿಯ ಅತಿ ಪ್ರಸಿದ್ಧ ಮುಖವಾಗಿದ್ದ ಜೋರ್ಡನ್, ತಮ್ಮ ಮಾತಿಗೆ ಇದ್ದ ಬಲವನ್ನು ಈ ವಿಷಯದಲ್ಲಿ ಬಳಸಲಿಲ್ಲ ಎಂಬ ಟೀಕೆ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. 2020ರಲ್ಲಿ ಜೋರ್ಡನ್ ಮತ್ತು ಅವರ ಬ್ರಾಂಡ್ ಸೇರಿ ಜನಾಂಗೀಯ ಸಮಾನತೆಗಾಗಿ 10 ವರ್ಷಗಳಲ್ಲಿ 10 ಕೋಟಿ ಡಾಲರ್ ಕೊಡುವುದಾಗಿ ಘೋಷಿಸಿದ್ದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಮ್ಯಾಜಿಕ್ ಮತ್ತು ಬರ್ಡ್ ಅವರ ಉದಾಹರಣೆಯಿಂದ ವಿಷಯ ಸ್ಪಷ್ಟವಾಯಿತು. ಜೋರ್ಡನ್ ಒಂದು ತಂಡದ ಒಡೆಯರೂ ಆಗಿದ್ದರಲ್ಲವೇ? ಅಲ್ಲಿ ಗೆಲುವಿಗೂ ಹಣಕ್ಕೂ ಸಂಬಂಧ ಹೇಗಿತ್ತು?

ಎರಡನೆಯ ಉತ್ತರ ಬರೆದವರಿಂದ

ಅಲ್ಲಿ ಅವೆರಡೂ ಪೂರ್ತಿ ಬೇರೆ ಬೇರೆ ದಾರಿ ಹಿಡಿದವು. 2010ರಲ್ಲಿ ಷಾರ್ಲಟ್ ತಂಡದ ಬಹುಪಾಲನ್ನು ಅವರು ಕೊಂಡಾಗ ತಂಡದ ಬೆಲೆ ಸುಮಾರು 27.5 ಕೋಟಿ ಡಾಲರ್. 2011–12ರ ಮೊಟಕುಗೊಂಡ ಋತುವಿನಲ್ಲಿ ತಂಡ 66 ಪಂದ್ಯಗಳಲ್ಲಿ ಗೆದ್ದದ್ದು 7 ಮಾತ್ರ. ಗೆಲುವಿನ ಪ್ರಮಾಣದಲ್ಲಿ ಅದು ಎನ್‌ಬಿಎ ಇತಿಹಾಸದಲ್ಲೇ ಅತಿ ಕಳಪೆ. ಅವರು ಒಡೆಯರಾಗಿದ್ದಷ್ಟು ಕಾಲ ತಂಡ ಪ್ಲೇಆಫ್‌ನ ಒಂದು ಸುತ್ತನ್ನೂ ದಾಟಲಿಲ್ಲ. ಆದರೆ ಲೀಗ್‌ನ ಟಿವಿ ಪ್ರಸಾರದ ಹಕ್ಕುಗಳ ಬೆಲೆ ಏರಿದಂತೆ ಎಲ್ಲ ತಂಡಗಳ ಬೆಲೆಯೂ ಏರಿತು. 2023ರಲ್ಲಿ ಜೋರ್ಡನ್ ತಮ್ಮ ಬಹುಪಾಲನ್ನು ಮಾರಿದಾಗ ತಂಡಕ್ಕೆ ಕಟ್ಟಿದ ಬೆಲೆ ಸುಮಾರು 300 ಕೋಟಿ ಡಾಲರ್; ಸಣ್ಣದೊಂದು ಪಾಲನ್ನು ಅವರು ಉಳಿಸಿಕೊಂಡರು.